ಎಡಗೈಗೆ ತಿಳಿಯದಂತೆ

“ನಮ್ಮ ಮನೆಯಲ್ಲಿ ದಯವಿಟ್ಟು ಪ್ರಾರ್ಥನೆ ಮಾಡಬೇಡಿ.”

ಇಪ್ಪತ್ತು ವರ್ಷಗಳ ಹಿಂದೆ ನಾನು ಆಡಿದ ಮಾತಿದು. ಯಾರಿಗೆ ಹೇಳಿದೆನೋ ಅವರು ಈಗ ಇಲ್ಲ. ಯಾರ ಸಲುವಾಗಿ ಹೇಳಿದೆನೋ ಅವರೂ ಇಲ್ಲ. ಮಾತು ಮಾತ್ರ ನನ್ನ ಬಳಿ ಉಳಿದುಕೊಂಡಿದೆ.

2004ರ ಮಳೆಗಾಲ. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಅಮ್ಮಿಗೆ ಲಕ್ವಾ ಹೊಡೆದು ನಾಲ್ಕು ತಿಂಗಳಾಗಿತ್ತು. ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಯಲ್ಲಿಯೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಕೊಟ್ಟಿದ್ದರು. ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಗಿ, ಕೋಣೆಯೊಳಗೆ ಕಾಲಿಟ್ಟರೆ ವಾಸನೆ ಬರುತ್ತಿತ್ತು. ನೋಡಲು ಬಂದ ನೆಂಟರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತು ‘ಅಲ್ಲಾಹ್ ಶಿಫಾ ಕೊಡಲಿ’ ಎಂದು ಹೇಳಿ ಹೊರಡುತ್ತಿದ್ದರು. ಅವರನ್ನು ದೂರುವ ಹಕ್ಕು ನನಗಿಲ್ಲ. ಆ ಹುಣ್ಣನ್ನು ಮುಟ್ಟಲು ಹೆತ್ತ ಮಗಳಾದ ನನಗೂ ಕೈ ನಡುಗುತ್ತಿತ್ತು.

ಕೈ ನಡುಗದೇ ಇದ್ದದ್ದು ಒಬ್ಬರಿಗೆ ಮಾತ್ರ. ಎರಡು ಮನೆ ಆಚೆ ಇದ್ದ ನಿವೃತ್ತ ನರ್ಸ್. ಮಿಷನ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವರು. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ, ಗಲ್ಲಿಗೆಲ್ಲ ಅವರು ಸಿಸ್ಟರಮ್ಮ. ಬೆಳಿಗ್ಗೆ ಏಳಕ್ಕೆ ಸ್ಟೀಲ್ ಡಬ್ಬಿಯಲ್ಲಿ ಹತ್ತಿ, ಬ್ಯಾಂಡೇಜ್ ಬಟ್ಟೆ ಹಿಡಿದು ಬರುವರು. ನೀರು ಕುದಿಸಿ ಆರಿಸುವುದು, ಹುಣ್ಣು ತೊಳೆಯುವುದು, ಮಗ್ಗುಲು ಬದಲಿಸುವುದು ಎಲ್ಲವನ್ನೂ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡುವರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನನಗೆ ಕಲಿಸಿದವರೂ ಅವರೇ. ಎಲ್ಲ ಮುಗಿದ ಮೇಲೆ ಅಮ್ಮಿಯ ಹಣೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಆಗ ಅವರ ತುಟಿ ಅಲುಗುತ್ತಿದ್ದವು.

ಒಂದು ದಿನ ನಮ್ಮ ಖಾಲಾ ಇದನ್ನು ನೋಡಿದರು. ಸಿಸ್ಟರಮ್ಮ ಹೋದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದು, “ತಾಯಿಯ ಕೊನೆಗಾಲದಲ್ಲಿ ಆಕೆಯ ಕಿವಿಗೆ ಏನು ಬೀಳ್ತಿದೆ ಅಂತ ಗಮನ ಇದೆಯಾ? ಯಾರೂ ಪುಕ್ಕಟೆ ಬಂದು ಹೊಲಸು ತೊಳೆಯೋದಿಲ್ಲ” ಎಂದರು.

ಆ ಮಾತು ನನ್ನೊಳಗೆ ಹೊಕ್ಕಿತು. ಹೊಕ್ಕಿತು ಎಂದರೆ ಪೂರ್ತಿ ನಿಜವಲ್ಲ. ಅದು ಮೊದಲೇ ಒಳಗೆ ಇತ್ತು, ಖಾಲಾ ಅದನ್ನು ಹೊರಗೆ ತೆಗೆದರು ಅಷ್ಟೆ. ಮರುದಿನ ಬಾಗಿಲಲ್ಲೇ ಅವರನ್ನು ನಿಲ್ಲಿಸಿ ಮೇಲಿನ ಮಾತನ್ನು ಹೇಳಿಬಿಟ್ಟೆ. ಅಷ್ಟಕ್ಕೇ ಬಿಡಲಿಲ್ಲ. “ಇದಕ್ಕೆ ಬದಲಾಗಿ ನಿಮಗೇನು ಬೇಕು, ಹೇಳಿಬಿಡಿ” ಎಂದೂ ಕೇಳಿದೆ.

ಸಿಸ್ಟರಮ್ಮ ಸ್ವಲ್ಪ ಹೊತ್ತು ಡಬ್ಬಿ ಹಿಡಿದು ಹಾಗೆಯೇ ನಿಂತರು. “ನೀರು ಕುದಿಸೀಯೇನವ್ವಾ?” ಎಂದು ಕೇಳಿದರು. ಬಳಿಕ ಒಳಗೆ ಬಂದು ಎಂದಿನಂತೆ ಹುಣ್ಣು ತೊಳೆದರು. ಅಮ್ಮಿಯ ಹಣೆಯ ಮೇಲೆ ಕೈ ಇಡಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಹೊರಡುವಾಗ “ನಾಳೆ ಹತ್ತಿ ಬ್ಯಾಡ, ನನ್ನ ಕಡೆ ಐತಿ” ಎಂದರು.

ಮರುದಿನ ಏಳಕ್ಕೆ ಬಂದರು. ಅದರ ಮರುದಿನವೂ ಬಂದರು. ಅಮ್ಮಿ ಅಲ್ಲಾಹನ ಕರೆಗೆ ಓಗೊಡುವವರೆಗೂ, ಇನ್ನೂ ಹನ್ನೊಂದು ವಾರಗಳ ಕಾಲ, ಒಂದು ಭಾನುವಾರವೂ ತಪ್ಪಲಿಲ್ಲ. ಭಾನುವಾರ ಮಾತ್ರ ಆರಕ್ಕೇ ಬರುತ್ತಿದ್ದರು. ಏಕೆಂದರೆ ಅವರಿಗೆ ಚರ್ಚಿನಲ್ಲಿ ಸಂಡೇ ಸ್ಕೂಲಿನ ಮಕ್ಕಳು ಕಾಯುತ್ತಿರುತ್ತಿದ್ದರು.

ನನ್ನ ಸಂಶಯಕ್ಕೂ ಒಂದು ಹಿನ್ನೆಲೆ ಇತ್ತೆಂದು ಹೇಳಬೇಕು. ನಾನು ನಾಲ್ಕನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು. ಐದನೆಯದಕ್ಕೆ ಕನ್ನಡ ಶಾಲೆಗೆ ಬಂದಾಗ ಗುರುಗಳು ಒಂದು ದಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟು, “ಇದನ್ನು ಬರೆದವರ ಮನೆಮಾತೂ ಕನ್ನಡ ಅಲ್ಲ” ಎಂದು ನನ್ನ ಕಡೆ ನೋಡಿ ನಕ್ಕಿದ್ದರು. ಅದು ಕಿಟೆಲ್ ನಿಘಂಟು. ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಭಾರತಕ್ಕೆ ಬಂದದ್ದು 1853ರಲ್ಲಿ. ಸುಮಾರು 70,000 ಪದಗಳ ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಅವರಿಗಿಂತ ಮೊದಲು ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು, ಕನ್ನಡದ ಮೊದಲ ಪತ್ರಿಕೆ ಅದು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು 1837ರಲ್ಲಿ ನಮ್ಮ ಧಾರವಾಡಕ್ಕೆ ಕಾಲಿಟ್ಟಿತು. ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚು, ದವಾಖಾನೆ ಎಲ್ಲವೂ ಅದರ ಹಿಂದೆಯೇ ಬಂದವು.

ಆದರೆ ಅವರು ಬಂದದ್ದು ನಿಘಂಟು ಬರೆಯಲಿಕ್ಕಲ್ಲ, ಜನರನ್ನು ತಮ್ಮ ಧರ್ಮಕ್ಕೆ ಕರೆಯಲು. ಇದನ್ನು ಅವರು ಬಚ್ಚಿಡಲಿಲ್ಲ, ನಾವೂ ಮರೆಯಬೇಕಾಗಿಲ್ಲ. ಕಿಟೆಲರ ಉಪಕಾರವನ್ನು ಕನ್ನಡಿಗರೆಲ್ಲ ನೆನೆಯುತ್ತೇವೆ. ಆದರೆ ಪಕ್ಕದ ಮನೆಯ ಕ್ರೈಸ್ತಳು ಒಂದು ತಂಬಿಗೆ ನೀರು ಕೊಟ್ಟರೂ ಅದರ ಹಿಂದೆ ಏನಿದೆಯೋ ಎಂದು ಇಣುಕುತ್ತೇವೆ. ನಮ್ಮ ಗಡ್ಡ, ಬುರ್ಖಾ ನೋಡಿ ಇತರರು ಹೀಗೆಯೇ ಇಣುಕಿದಾಗ ನಮಗೆ ಎಷ್ಟು ನೋವಾಗುತ್ತದೆ! ಅದೇ ಅಳತೆಗೋಲಿನಿಂದ ನಾವು ಇನ್ನೊಬ್ಬರನ್ನು ಅಳೆಯುತ್ತೇವೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಅಮ್ಮಿ ತೀರಿಕೊಂಡ ಮೇಲೆ ನಾನು ಸಿಸ್ಟರಮ್ಮನ ಮನೆಗೆ ಹೋಗಿ ಬರುವುದನ್ನು ಶುರು ಮಾಡಿದೆ. ಮೊದಮೊದಲು ಋಣದ ಭಾರಕ್ಕೆ, ಆಮೇಲೆ ಆಸೆಯಿಂದ. ಅಲ್ಲಿ ಕಂಡದ್ದು ನನ್ನನ್ನು ಹೆಚ್ಚು ಹೆಚ್ಚು ನಾಚಿಸಿತು.

ಅವರ ದಿನ ನಸುಕಿನಲ್ಲಿ ಶುರುವಾಗುತ್ತಿತ್ತು. ನಮ್ಮ ಫಜ್ರ್ ಅಝಾನಿನ ಹೊತ್ತಿಗೆ ಎದ್ದು, ದೀಪ ಹಚ್ಚಿ, ಸತ್ಯವೇದದ ಒಂದು ಅಧ್ಯಾಯ ಓದಿ, ಮೊಣಕಾಲೂರಿ ಪ್ರಾರ್ಥಿಸುವರು. “ನಿಮ್ಮ ಮಸೂತಿಯವರು ನನಗ ಗಡಿಯಾರ ಇದ್ದಂಗ” ಎನ್ನುವರು. ಒಲೆಯ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ. ಅಡುಗೆಗೆ ತೆಗೆದ ಅಕ್ಕಿಯಿಂದ ಒಂದು ಹಿಡಿ ಅದರೊಳಗೆ ಬೀಳುತ್ತಿತ್ತು, ತಿಂಗಳ ಕೊನೆಗೆ ಡಬ್ಬಿ ಚರ್ಚಿನ ಹೆಂಗಸರ ಕೂಟಕ್ಕೆ ಹೋಗುತ್ತಿತ್ತು. ಮಿಜೋರಾಮಿನ ಕ್ರೈಸ್ತ ಹೆಂಗಸರು 1910ರಿಂದಲೂ ಹೀಗೆ ಹಿಡಿ ಅಕ್ಕಿ ಎತ್ತಿಟ್ಟು ಸಭೆಯ ಕೆಲಸಗಳನ್ನು ನಡೆಸಿಕೊಂಡು ಬಂದಿದ್ದಾರೆಂದು ಆಮೇಲೆ ಓದಿದೆ. ಆ ಡಬ್ಬಿ ನೋಡಿ ನನಗೆ ನೆನಪಾದದ್ದು ನಮ್ಮ ಅಮ್ಮಿಯ ಮಣ್ಣಿನ ಗಡಿಗೆ. ಅವರೂ ಮದ್ರಸಾದ ಯತೀಮ್ ಮಕ್ಕಳಿಗೆಂದು ದಿನಾ ಒಂದು ಮುಷ್ಟಿ ಎತ್ತಿಡುತ್ತಿದ್ದರು. ನಾನು ಅದನ್ನು ಎಂದೋ ಬಿಟ್ಟುಬಿಟ್ಟಿದ್ದೆ.

ಈಸ್ಟರಿಗೆ ಮುಂಚಿನ 40 ದಿನಗಳ ಉಪವಾಸದ ಕಾಲದಲ್ಲಿ ಅವರು ಚಹಾ ಬಿಡುತ್ತಿದ್ದರು. ಧಾರವಾಡದವರಿಗೆ ಚಹಾ ಬಿಡುವುದೆಂದರೆ ಏನೆಂದು ಧಾರವಾಡದವರೇ ಬಲ್ಲರು. ಉಳಿದ ಚಹಾಪುಡಿ, ಸಕ್ಕರೆಯ ರೊಕ್ಕ ಲೆಕ್ಕ ಹಾಕಿ ಯಾರಿಗೋ ಔಷಧಿಗೆ ಕೊಡುವರು. ಯಾರಿಗೆ ಎಂದು ಕೇಳಿದರೆ ಮಾತು ಬದಲಿಸುವರು. ರಮಝಾನಿನಲ್ಲಿ ನಾನು ಅವರ ಮನೆಗೆ ಹೋದರೆ ತಾವೂ ನೀರು ಕುಡಿಯುತ್ತಿರಲಿಲ್ಲ.

ಅವರ ಚರ್ಚು ಸ್ವರ್ಗವೇನೂ ಆಗಿರಲಿಲ್ಲ. ನಮ್ಮ ಜಮಾಅತುಗಳಲ್ಲಿ ಇರುವಂತೆ ಅಲ್ಲಿಯೂ ಕಮಿಟಿ, ಚುನಾವಣೆ, ಆಸ್ತಿ, ಗುಂಪುಗಾರಿಕೆ ಎಲ್ಲವೂ ಇದ್ದವು. ಇಪ್ಪತ್ತೈದು ವರ್ಷ ಸಂಡೇ ಸ್ಕೂಲ್ ನಡೆಸಿದ ಅವರನ್ನು ಒಂದು ವರ್ಷ, ಗೆದ್ದ ಗುಂಪಿನವರು ಒಂದು ಮಾತೂ ಹೇಳದೆ ಬಿಡಿಸಿದರು. ಸಿಸ್ಟರಮ್ಮ ಅಂದು ಅತ್ತದ್ದನ್ನು ನಾನು ಕಂಡಿದ್ದೇನೆ. ಆದರೂ ಶನಿವಾರ ಸಂಜೆ ಕಸಬರಿಗೆ ಹಿಡಿದು ಚರ್ಚು ಗುಡಿಸಲು ಹೊರಟರು. “ಇಷ್ಟು ಅವಮಾನ ಮಾಡಿದವರ ಹತ್ತಿರ ಮತ್ತೆ ಯಾಕೆ ಹೋಗ್ತೀರಿ ಅಕ್ಕಾ?” ಎಂದು ನಾನು ಸಿಟ್ಟಿನಿಂದ ಕೇಳಿದೆ. “ಕಮಿಟಿ ಬ್ಯಾರೆ, ಕರ್ತ ಬ್ಯಾರೆ ಬೇ” ಎಂದರು. ಎರಡು ವರ್ಷಗಳ ನಂತರ ಬಿಡಿಸಿದವರಲ್ಲಿ ಒಬ್ಬರ ಹೆಂಡತಿ ಹಾಸಿಗೆ ಹಿಡಿದಾಗ, ಸ್ಟೀಲ್ ಡಬ್ಬಿ ಹಿಡಿದು ಅವರ ಮನೆಗೂ ಹೋದರು.

2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಇತರ ಕಡೆ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ಟಿವಿಯಲ್ಲಿ ಒಡೆದ ಶಿಲುಬೆ, ಅಳುವ ಸನ್ಯಾಸಿನಿಯರನ್ನು ನೋಡಿ ನನಗೆ ನಮ್ಮ ಬಾಲ್ಯದ ಕರ್ಫ್ಯೂ ರಾತ್ರಿಗಳು ನೆನಪಾದವು. ಮರುವಾರ ಸಂಡೇ ಸ್ಕೂಲಿಗೆ ಬಂದದ್ದು ಮೂರೇ ಮಕ್ಕಳಂತೆ. ಆಗಿನ್ನೂ ಅದನ್ನು ನಡೆಸುತ್ತಿದ್ದ ಸಿಸ್ಟರಮ್ಮ ಮೂರು ಮಕ್ಕಳಿಗೇ ಪೂರ್ತಿ ಪಾಠ ಮಾಡಿ ಬಂದರು. ಏನು ಪಾಠ ಎಂದು ಕೇಳಿದೆ. “ಯೇಸು ಶಿಷ್ಯರ ಕಾಲು ತೊಳೆದದ್ದು” ಎಂದರು. “ಹಿಡಿದು ಕೊಡುವವನೂ ಅವರೊಳಗೇ ಕೂತಿದ್ದ. ಅವನ ಕಾಲೂ ತೊಳೆದ. ನಾವು ಅಂಥವನ ಶಿಷ್ಯರು. ಬಾಯಿಲೆ ಹೇಳೋದು ಸರಳ, ಮಾಡೋದು ತ್ರಾಸು.”

ಅವರ ನಂಬಿಕೆಯನ್ನೆಲ್ಲ ನಾನು ಒಪ್ಪಿದೆ ಎಂದು ಯಾರೂ ತಿಳಿಯಬಾರದು. ಈಸಾ(ಅ)ರನ್ನು ನಾನು ಪ್ರವಾದಿ ಎಂದು ಗೌರವಿಸುತ್ತೇನೆ, ಅವರು ದೇವಪುತ್ರನೆಂದು ಆರಾಧಿಸುತ್ತಿದ್ದರು. ಈ ಅಂತರ ಸಣ್ಣದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹದಿನೈದು ವರ್ಷಗಳಲ್ಲಿ ಅವರು ಒಮ್ಮೆಯೂ ನನ್ನನ್ನು ಚರ್ಚಿಗೆ ಕರೆಯಲಿಲ್ಲ, ತಮ್ಮ ನಂಬಿಕೆಯನ್ನು ನನ್ನೆದುರು ಮುಚ್ಚಿಡಲೂ ಇಲ್ಲ. ಕ್ರೈಸ್ತರಲ್ಲಿ ಗರ್ವವಿಲ್ಲದ ವಿದ್ವಾಂಸರೂ ವಿರಾಗಿಗಳೂ ಇದ್ದಾರೆಂದು ಪವಿತ್ರ ಕುರ್‌ಆನಿನ ಅಲ್‌ಮಾಇದಾ ಅಧ್ಯಾಯ ಹೇಳುತ್ತದೆ. ಚಿಕ್ಕಂದಿನಿಂದ ಓದುತ್ತಿದ್ದ ಆ ಸೂಕ್ತದ ಅರ್ಥ ನನಗೆ ಆದದ್ದು ಎರಡು ಮನೆ ಆಚೆಯ ಆ ಕಟ್ಟೆಯ ಮೇಲೆ.

2018ರ ಹೊತ್ತಿಗೆ ಅವರ ಕಣ್ಣು ಪೂರ್ತಿ ಮಂಜಾದವು. ಮಕ್ಕಳು ದೂರದ ಊರುಗಳಲ್ಲಿ. ಒಂದು ಮಧ್ಯಾಹ್ನ ತಡವರಿಸುತ್ತ ಕೇಳಿದರು: “ದಿನಾ ಒಂದು ಅಧ್ಯಾಯ ಓದಿ ಹೇಳ್ತೀಯೇನವ್ವಾ? ಮನಸ್ಸಿಗೆ ಒಗ್ಗದಿದ್ರ ಬ್ಯಾಡ.”

ನಾನು ತಕ್ಷಣ ಹೂಂ ಎನ್ನಲಿಲ್ಲ. ಗಲ್ಲಿಯವರು ಏನೆಂದಾರು? ಖಾಲಾ ಏನೆಂದಾರು? ನನ್ನ ದನಿಯಲ್ಲಿ ಆ ಗ್ರಂಥ ಓದಿದರೆ ನನ್ನ ಈಮಾನಿಗೆ ಏನಾದೀತು? ರಾತ್ರಿಯೆಲ್ಲ ಯೋಚಿಸಿದೆ. ಹುಣ್ಣು ತೊಳೆದ ಆ ಕೈಗಳು ನೆನಪಾದವು. ಓದುವುದೆಂದರೆ ಸಾಕ್ಷ್ಯ ನುಡಿಯುವುದಲ್ಲ, ಕಣ್ಣಿಲ್ಲದವರಿಗೆ ಕಣ್ಣಾಗುವುದು ಎಂದುಕೊಂಡೆ. ಮರುದಿನ ಹೋಗಿ ಕೀರ್ತನೆಗಳಿಂದ ಆರಂಭಿಸಿದೆ. ನಮಗೆ ದಾವೂದ್(ಅ)ರ ಝಬೂರ್ ಎಂದು ಗೊತ್ತಿರುವ ಹೆಸರು.

ಹಾಗೆಯೇ ಓದುತ್ತ ಓದುತ್ತ ಒಂದು ದಿನ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯ ಬಂತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಉಪದೇಶ ಅಲ್ಲಿದೆ. ನನ್ನ ದನಿ ನಿಂತಿತು. ಅಲ್ಲಾಹನ ನೆರಳಿನಲ್ಲಿ ಆಶ್ರಯ ಪಡೆಯುವ ಏಳು ವಿಧದ ಜನರಲ್ಲಿ, ಎಡಗೈಗೆ ತಿಳಿಯದಂತೆ ಬಲಗೈಯಿಂದ ದಾನ ಮಾಡಿದವನೂ ಒಬ್ಬನೆಂದು ಪ್ರವಾದಿವರ್ಯರು(ಸ) ಹೇಳಿದ್ದು ಬುಖಾರಿ, ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಉರ್ದು ಶಾಲೆಯಲ್ಲಿ ಬಾಯಿಪಾಠ ಮಾಡಿ ಬಹುಮಾನ ಪಡೆದಿದ್ದೆ. ಅದನ್ನು ಸಿಸ್ಟರಮ್ಮನಿಗೆ ಹೇಳಿದೆ. “ಹಂಗಾದ್ರ ಪಾಠ ಒಂದೇ. ಪರೀಕ್ಷಾದಾಗ ಯಾರು ಪಾಸಾಗ್ತಾರ ನೋಡೂಣು” ಎಂದು ನಕ್ಕರು.

ನಾನು ಓದುವಾಗ ಅಸ್ರ್ ಅಝಾನ್ ಕೇಳಿಸಿದರೆ ಅವರೇ ಕೈಯೆತ್ತಿ ನಿಲ್ಲಿಸುತ್ತಿದ್ದರು. “ಸಾಕು, ಹೋಗು. ನಿನ್ನ ಹೊತ್ತಾತು.” ಅರ್ಧ ವಾಕ್ಯದಲ್ಲಿ ಇದ್ದರೂ ಸರಿ. ನನ್ನ ನಮಾಝನ್ನು ನನಗಿಂತ ಹೆಚ್ಚು ಕಾಯ್ದವರು ಅವರು.

ಒಂದು ದಿನ ಧೈರ್ಯ ಮಾಡಿ 2004ರ ಆ ಮಾತನ್ನು ಎತ್ತಿದೆ. ಕ್ಷಮೆ ಕೇಳಬೇಕೆಂದು ಹದಿನಾಲ್ಕು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದೆ. “ಯಾವ ಮಾತು?” ಎಂದರು. ನಿಜವಾಗಿ ಮರೆತಿದ್ದರೋ, ಮರೆತಂತೆ ಮಾಡಿದರೋ. ನಾನು ಬಿಡಲಿಲ್ಲ. “ಆಮೇಲೆ ನೀವು ಅಮ್ಮಿಗೆ ಪ್ರಾರ್ಥನೆ ಮಾಡೋದು ಬಿಟ್ಟಿರಾ?” ಎಂದು ಕೇಳಿದೆ.

ಮಂಜುಗಣ್ಣುಗಳಲ್ಲಿ ಅವರ ಹಳೆಯ ತುಂಟತನ ಹೊಳೆಯಿತು. “ನೀ ಬ್ಯಾಡ ಅಂದದ್ದು ನಿಮ್ಮನ್ಯಾಗ. ನಮ್ಮನ್ಯಾಗ ಬ್ಯಾಡ ಅಂದಿದ್ದಿಲ್ಲಲ್ಲ?”

2019ರ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸ್ಮಶಾನದಲ್ಲಿ ಹೆಂಗಸರ ನಡುವೆ ನಾನೂ ನಿಂತಿದ್ದೆ. ಸಭಾಪಾಲಕರು ಅವರ ಸೇವೆಯ ಬಗ್ಗೆ ಮಾತಾಡಿದರು. ನಮ್ಮ ಮನೆಯ ಹನ್ನೊಂದು ವಾರಗಳ ಸುದ್ದಿ ಅದರಲ್ಲಿ ಬರಲಿಲ್ಲ. ಬರುವುದಾದರೂ ಹೇಗೆ? ಅವರು ಯಾರಿಗೂ ಹೇಳಿರಲೇ ಇಲ್ಲ. ಉಪಕಾರವನ್ನು ಎತ್ತಿ ಆಡಿ ದಾನವನ್ನು ವ್ಯರ್ಥ ಮಾಡಿಕೊಳ್ಳಬೇಡಿರೆಂದು ನಮಗೆ ಕುರ್‌ಆನ್ ತಾಕೀತು ಮಾಡಿದೆ. ಅದನ್ನು ಪಾಲಿಸಿದವರು ನಮ್ಮ ಗಲ್ಲಿಯಲ್ಲಿ ಅವರಾದರು.

ಅವರು ಹೇಳದೇ ಬಿಟ್ಟದ್ದನ್ನು ಈಗ ನಾನು ಹೇಳುತ್ತಿದ್ದೇನೆ. ಕೊಟ್ಟವರು ಹೇಳಬಾರದು, ಪಡೆದವರಾದರೂ ಹೇಳಬೇಕಲ್ಲ? ನನ್ನ ಒಲೆಯ ಪಕ್ಕದಲ್ಲಿ ಅಮ್ಮಿಯ ಗಡಿಗೆ ಮತ್ತೆ ಬಂದು ಕುಳಿತಿದೆ. ಮರೆತ ದಿನಗಳೂ ಉಂಟು. ನಸುಕಿನ ಅಝಾನ್ ಕೇಳಿ ಏಳುವಾಗ ಎರಡು ಮನೆ ಆಚೆ ದೀಪ ಹತ್ತಿದೆಯೇ ಎಂದು ಕಿಟಕಿಯಿಂದ ನೋಡುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ.