ಹತ್ತು ಅಡಿಯ ಶ್ರೀಸಾಮಾನ್ಯ

ಪುಣೆಗೆ ನೆಂಟರು ಬಂದರೆ ನಾವು ಕರೆದುಕೊಂಡು ಹೋಗುವ ಜಾಗಗಳು ನಿಮಗೂ ಗೊತ್ತು. ಶನಿವಾರವಾಡೆ, ಸಿಂಹಗಡ, ದಗಡೂಶೇಠ್ ಗಣಪತಿ, ಕೊನೆಗೆ ಲಕ್ಷ್ಮೀ ರಸ್ತೆಯಲ್ಲಿ ಸೀರೆ ಅಂಗಡಿ. ಸೇನಾಪತಿ ಬಾಪಟ್ ರಸ್ತೆಯಲ್ಲಿ ನಮ್ಮ ಮೈಸೂರಿನವರ ಕೈಯಲ್ಲಿ ಹುಟ್ಟಿದವನೊಬ್ಬ ನಿಂತಿದ್ದಾನೆ, ಅವನನ್ನೂ ನೋಡಿ ಬರೋಣ ಎಂದು ನಾನು ಯಾರಿಗೂ ಹೇಳಿದ್ದಿಲ್ಲ. ನಾನೇ ನೋಡಿರಲಿಲ್ಲವಲ್ಲ! ಕಳೆದ ಜನವರಿಯ ಒಂದು ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಮಗಳನ್ನು ಎಳೆದುಕೊಂಡು ಹೊರಟೆ. ಎಳೆದುಕೊಂಡು ಎಂದೇ ಹೇಳಬೇಕು. ನವೆಂಬರಿನಿಂದ ಅವಳು ನನ್ನೊಡನೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ನಡೆದದ್ದಿಷ್ಟು. ನಮ್ಮ ಬಡಾವಣೆಯ ಕನ್ನಡಿಗರೆಲ್ಲ ಸೇರಿ ವರ್ಷ ವರ್ಷ ರಾಜ್ಯೋತ್ಸವ ಮಾಡುತ್ತೇವೆ. ಈ ಸಲ ಮಕ್ಕಳದೊಂದು ಭಿತ್ತಿಪತ್ರಿಕೆ ಇರಲಿ ಎಂದಾಯಿತು. ಮಗಳು ಓದುವುದು ಕಾಮರ್ಸ್, ಆದರೆ ಚಿಕ್ಕವಳಿದ್ದಾಗಿನಿಂದ ಚಿತ್ರದ ಹುಚ್ಚು. ಅವಳೊಂದು ವ್ಯಂಗ್ಯಚಿತ್ರ ಬರೆದಳು. ವೇದಿಕೆಯ ಮೇಲೆ ದೊಡ್ಡ ದೊಡ್ಡ ಕುರ್ಚಿ, ಕುರ್ಚಿಯ ಕಾಲುಗಳೇ ದೇವಸ್ಥಾನದ ಕಂಬದಷ್ಟು ದಪ್ಪ. ಹಾರ, ಶಾಲು, ಮೈಸೂರು ಪೇಟ. ಬಲಗಡೆ ಮೂಲೆಯಲ್ಲಿ, ಚೌಕಟ್ಟಿಗೆ ಒತ್ತಿಕೊಂಡಂತೆ, ಸ್ಲೇಟು ಹಿಡಿದ ಪುಟ್ಟ ಹುಡುಗಿ. ಸ್ಲೇಟಿನಲ್ಲಿ ‘ಅ’ ಅಕ್ಷರ, ಅದೂ ಅರ್ಧಂಬರ್ಧ. ಕೆಳಗೆ ಒಂದು ಪದವೂ ಇಲ್ಲ. ಅಂದು ಪೇಟ ಕಟ್ಟಿಸಿಕೊಳ್ಳಬೇಕಾಗಿದ್ದ ಹಿರಿಯರೊಬ್ಬರು ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. ಊಟಕ್ಕೆ ಎಲೆ ಹಾಕುವ ಮೊದಲೇ ಚಿತ್ರ ಗೋಡೆಯಿಂದ ಇಳಿದಿತ್ತು. ಗುಂಡುಸೂಜಿ ಕೀಳುತ್ತಿದ್ದದ್ದನ್ನು ನಾನು ನೋಡಿದೆ. ಕೈಯಲ್ಲಿ ಕೇಸರಿಬಾತಿನ ಸೌಟಿತ್ತು, ಬಡಿಸುವುದಿತ್ತು. ಸುಮ್ಮನಾದೆ.

ರಾತ್ರಿ ಮಗಳು ಕೇಳಿದ ಪ್ರಶ್ನೆ ಒಂದೇ. “ನಾನು ಒಂದು ಮಾತೂ ಬರೆದಿರಲಿಲ್ಲಮ್ಮ. ಮತ್ತೆ ಅವರಿಗೆ ಯಾಕೆ ಅಷ್ಟು ಕೋಪ ಬಂತು?” ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದವಳು ನಾನು. ಷೇಕ್ಸ್‌ಪಿಯರನ ಒಂದು ಸಾಲು ಕೊಟ್ಟರೆ ಎರಡು ಪುಟ ಬರೆದೇನು. ಮಾತೇ ಇಲ್ಲದ ಚಿತ್ರ ಹೇಗೆ ಮಾತಾಡುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಕೋಥ್ರೂಡಿನಿಂದ ರಿಕ್ಷಾದಲ್ಲಿ ಲಾ ಕಾಲೇಜ್ ರಸ್ತೆ ದಾಟಿ ಬಂದು ಸಿಂಬಯೋಸಿಸ್ ಸಂಸ್ಥೆಯ ವಿಶ್ವಭವನದ ಹತ್ತಿರ ಇಳಿದೆವು. ಆವರಣದಲ್ಲಿ ಅವನಿದ್ದ. ಆರ್.ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’, ನಮ್ಮ ಶ್ರೀಸಾಮಾನ್ಯ. ಹತ್ತು ಅಡಿಯ ಕಂಚಿನ ವಿಗ್ರಹ, 2001ರಲ್ಲಿ ನಿಲ್ಲಿಸಿದ್ದು. ಅದೇ ಪಂಚೆ, ಅದೇ ಚೌಕಳಿ ಕೋಟು, ಅದೇ ಕನ್ನಡಕ. ನನಗೆ ಕಣ್ತುಂಬಿ ಬಂತು. ಮದುವೆಯಾಗಿ ಈ ಊರಿಗೆ ಬಂದಾಗ ಮರಾಠಿ ಬರದೆ ಅಕ್ಕಪಕ್ಕದಲ್ಲಿ ಮಾತಿಲ್ಲದೆ ಕೂತಿದ್ದ ದಿನಗಳಲ್ಲಿ, ಟೈಮ್ಸ್ ಪತ್ರಿಕೆಯ ಮೊದಲ ಪುಟದ ಆ ಪುಟ್ಟ ಚೌಕದೊಳಗಿನ ಮನುಷ್ಯನೇ ನನಗೆ ದಿನಾ ಸಿಗುತ್ತಿದ್ದ ಊರಿನವನು.

ಮಗಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, “ಇವನು ಅವನಲ್ಲಮ್ಮ,” ಎಂದಳು.

“ಯಾಕೇ? ಮೂಗು, ಮೀಸೆ ಎಲ್ಲ ಸರಿಯಾಗೇ ಇದೆಯಲ್ಲ?”

“ಮೂಗು ಸರಿ. ಆದ್ರೆ ಇಷ್ಟು ದೊಡ್ಡವನಾ? ನಾನೇ ತಲೆ ಎತ್ತಿ ನೋಡ್ಬೇಕು. ಪೇಪರಿನಲ್ಲಿ ಅವನು ಎಲ್ಲಿರ್ತಿದ್ದ ಹೇಳು.”

ನೆನೆಸಿಕೊಂಡೆ. ಮೂಲೆಯಲ್ಲಿ ಇರುತ್ತಿದ್ದ, ಬಾಗಿಲ ಬಳಿ, ಗುಂಪಿನ ಹಿಂದೆ. ನಡುವೆ ಮಂತ್ರಿಯ ಹೊಟ್ಟೆ, ಮೈಕು, ಹೂಮಾಲೆ. ಮಾತೆಲ್ಲ ಅವರದೇ. ಇವನು ಚೌಕಟ್ಟಿನ ಅಂಚಿನಲ್ಲಿ ಹುಬ್ಬೇರಿಸಿ ನಿಂತಿರುತ್ತಿದ್ದ, ತುಟಿ ಬಿಚ್ಚುತ್ತಿರಲಿಲ್ಲ. ಓದುಗರಾದ ನಾವು ಮೊದಲು ಮಂತ್ರಿಯ ಮಾತು ಓದುತ್ತಿದ್ದೆವು, ಆಮೇಲೆ ಕಣ್ಣು ಜಾರಿ ಇವನ ಮುಖಕ್ಕೆ ಬರುತ್ತಿತ್ತು. ಆಗ ನಗು. ಇವನನ್ನು ನಡುವೆ ತಂದು ದೊಡ್ಡದಾಗಿ ಬರೆದಿದ್ದರೆ ಇವನೇ ಭಾಷಣಕಾರನಾಗಿಬಿಡುತ್ತಿದ್ದ. ಚಿಕ್ಕವನಾಗಿದ್ದದ್ದೇ ಅವನ ಮಾತು. ಗೌರವಕ್ಕೆಂದು ಮಾಡಿದ ಎತ್ತರ ಅವನನ್ನು ಬೇರೆಯವನನ್ನಾಗಿ ಮಾಡಿತ್ತು. ವಿಗ್ರಹ ಮಾಡಿದವರ ತಪ್ಪಲ್ಲ ಬಿಡಿ, ಹೆಬ್ಬೆರಳಿನಷ್ಟು ವಿಗ್ರಹ ಮಾಡಲಾದೀತೆ?

ಈ ಮನುಷ್ಯ ಹುಟ್ಟಿದ ಕಥೆಯೂ ಚೆನ್ನಾಗಿದೆ. ಲಕ್ಷ್ಮಣ್ ಮೊದಮೊದಲು ಭಾರತದ ಜನ ಎಂದು ತೋರಿಸಲು ಒಂದು ಹಿಂಡನ್ನೇ ಬರೆಯುತ್ತಿದ್ದರಂತೆ. ಬಂಗಾಳಿ, ತಮಿಳ, ಪಂಜಾಬಿ, ಒಬ್ಬೊಬ್ಬರಿಗೆ ಒಂದೊಂದು ಉಡುಗೆ. ಪತ್ರಿಕೆಯ ಗಡಿಯಾರ ಕಾಯುವುದಿಲ್ಲ. ಒಬ್ಬೊಬ್ಬರನ್ನೇ ಬಿಡುತ್ತ ಬಂದು, ಕೊನೆಗೆ ಪಂಚೆ ಕೋಟಿನ ಒಬ್ಬ ಉಳಿದ. 1951ರಲ್ಲಿ ಶುರುವಾದ ‘ಯೂ ಸೆಡ್ ಇಟ್’ ಅಂಕಣದಲ್ಲಿ ಅವನು ದಶಕಗಳ ಕಾಲ ಹಾಗೆಯೇ ಸುಮ್ಮನೆ ನಿಂತ. ಇನ್ನೊಂದು ಮಾತು. ಲಕ್ಷ್ಮಣ್ ಹುಡುಗರಾಗಿದ್ದಾಗ ಮೆಚ್ಚಿಕೊಂಡಿದ್ದು ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರನನ್ನು. ಆತನ ಸಹಿಯ ಮೊದಲ ಅಕ್ಷರವನ್ನು ತಪ್ಪಾಗಿ ಓದಿ ಬಹಳ ಕಾಲ ‘ಕೌ’, ಅಂದರೆ ಹಸು, ಎಂದೇ ತಿಳಿದಿದ್ದರಂತೆ! ಗೆರೆ ಸ್ವಲ್ಪ ಬಾಗಿದರೆ ಮನುಷ್ಯ ಹಸುವಾಗುತ್ತಾನೆ ನೋಡಿ. ಪ್ರತಿಭೆ ಸಾಲದೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಈ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮಾಡಿದರು, ‘ಕೊರವಂಜಿ’ಗೆ ಚಿತ್ರ ಬರೆದರು. 2015ರ ಜನವರಿ 26ರಂದು ಪುಣೆಯಲ್ಲೇ ತೀರಿಕೊಂಡಾಗ, ಜನರ ಅಂತಿಮ ದರ್ಶನಕ್ಕೆ ಅವರನ್ನು ತಂದು ಮಲಗಿಸಿದ್ದು ಇದೇ ವಿಗ್ರಹದ ಸನ್ನಿಧಿಯಲ್ಲಿ.

ಮಗಳು ಫೋನು ತೆಗೆದು ಹಿಂದೆ ಹಿಂದೆ ಹೋದಳು. ಗೇಟಿನ ತನಕ ಹೋದಳು. ತೋರಿಸಿದಾಗ ನೋಡುತ್ತೇನೆ: ನಡುವೆ ನಿಂತಿದ್ದ ಕಾರುಗಳು, ನಗುತ್ತ ಹೊರಟ ನಾಲ್ಕು ಹುಡುಗರು, ಎಡ ಅಂಚಿನಲ್ಲಿ ಬೆರಳುದ್ದದ ಶ್ರೀಸಾಮಾನ್ಯ. “ಈಗ ಅವನೇ,” ಎಂದಳು. ಹೌದು, ಅವನೇ!

ಅಲ್ಲಿಂದ ಚತುಃಶೃಂಗಿ ದೇವಸ್ಥಾನದ ಕಡೆಗೆ ನಡೆದೆವು. ದಾರಿಯಲ್ಲಿ ಅವಳು ಫೋನಿನಲ್ಲಿ ಅಬು ಅಬ್ರಹಾಂ ಅವರ ಚಿತ್ರ ಹುಡುಕಿ ತೋರಿಸಿದಳು. ತುರ್ತುಪರಿಸ್ಥಿತಿಯ ಕಾಲ, 1975ರ ಡಿಸೆಂಬರ್. ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಮಲಗಿದ್ದಾರೆ, ಅಲ್ಲಿಂದಲೇ ಸಹಿ ಹಾಕಿದ ಸುಗ್ರೀವಾಜ್ಞೆಯನ್ನು ಅರೆತೆರೆದ ಬಾಗಿಲಿನತ್ತ ನೀಡುತ್ತಿದ್ದಾರೆ. ಇನ್ನೂ ಇದ್ದರೆ ಕಾಯಲು ಹೇಳಿ ಎಂಬರ್ಥದ ಒಂದು ಮಾತು ಕೆಳಗಿದೆ. ಆ ಮಾತನ್ನು ಕೈಯಿಂದ ಮುಚ್ಚಿ ನೋಡಿದೆ. ಆಗಲೂ ಅರ್ಥ ಆಯಿತು. ಬಾಗಿಲಾಚೆಯ ಮುಖ ಕಾಣುವುದಿಲ್ಲ, ಆ ಕಾಣದ ಮುಖವೇ ಯಜಮಾನನೆಂದು ಗೊತ್ತಾಗುತ್ತದೆ. ಬಾಗಿಲನ್ನು ಪೂರ್ತಿ ತೆರೆದು ಬರೆದಿದ್ದರೆ ಹೆದರಿಕೆ ಹೊರಟುಹೋಗುತ್ತಿತ್ತು.

ಬೆಟ್ಟದ ಮೆಟ್ಟಿಲ ಬಳಿ ಕೂತಾಗ ವಿಶ್ವವಿದ್ಯಾಲಯದ ವೃತ್ತದ ಕಡೆ ಕೈ ತೋರಿಸಿ ನಾನು ಇನ್ನೊಂದು ಚಿತ್ರದ ವಿಷಯ ಹೇಳಿದೆ. 1949ರಲ್ಲಿ ಶಂಕರ್ ಬರೆದದ್ದು. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಚಾವಟಿ ಹಿಡಿದು ಕೂತಿದ್ದಾರೆ. ಹಿಂದೆ ನೆಹರೂ ಚಾವಟಿ ಎತ್ತಿದ್ದಾರೆ. ಸುತ್ತ ಜನ ನೋಡುತ್ತಿದ್ದಾರೆ. ಹನ್ನೊಂದನೆಯ ತರಗತಿಯ ಪಠ್ಯಪುಸ್ತಕದಲ್ಲಿದ್ದ ಈ ಚಿತ್ರದ ಮೇಲೆ 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಗದ್ದಲವಾಯಿತು. ಪುಸ್ತಕದ ಸಲಹೆಗಾರರಲ್ಲಿ ಒಬ್ಬರಾಗಿದ್ದ ಪ್ರಾಧ್ಯಾಪಕರ ಕೋಣೆಗೆ ಇದೇ ವಿಶ್ವವಿದ್ಯಾಲಯದಲ್ಲಿ ನುಗ್ಗಿ ಧ್ವಂಸ ಮಾಡಿದರು. ಧ್ವಂಸ ಮಾಡಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಎತ್ತಿದ ಚಾವಟಿ ಹುಳುವಿಗೋ ಮುಂದೆ ಕೂತ ಮನುಷ್ಯನಿಗೋ? ಒಂದು ಗೆರೆ ಸ್ವಲ್ಪ ಆಚೀಚೆ. ತಲೆಮಾರುಗಳಿಂದ ಏಟು ತಿಂದವರ ಮನೆಯಲ್ಲಿ ಆ ಗೆರೆಯನ್ನು ಒಂದು ರೀತಿ ಓದುತ್ತಾರೆ, ನಮ್ಮಂಥವರ ಮನೆಯಲ್ಲಿ ಇನ್ನೊಂದು ರೀತಿ. ಬರೆದವರು ಏನೆಂದುಕೊಂಡು ಬರೆದರೋ, ನೋಡುವವರ ಬೆನ್ನೂ ಲೆಕ್ಕಕ್ಕೆ ಬರುತ್ತದೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನಿನ್ನ ಚಿತ್ರದಲ್ಲಿ ಪೇಟದ ಕೆಳಗಿನ ಮೀಸೆ ಅವರದೇ ಅಲ್ವೇನೇ?” ಎಂದು ಮೆಲ್ಲಗೆ ಕೇಳಿದೆ.

“ಹೂಂ. ಸ್ವಲ್ಪ.”

“ಸ್ವಲ್ಪ?”

“ಪೂರ್ತಿ,” ಎಂದು ನಕ್ಕಳು. ಮೂರು ತಿಂಗಳ ಮೇಲೆ ಮೊದಲ ನಗು. ಅದೇ ಸಮಯವೆಂದು, “ಅವತ್ತು ನಾನೂ ಬಾಯಿ ಬಿಡಬೇಕಿತ್ತು,” ಎಂದೆ. ಬೇಡಮ್ಮ ಬಿಡು ಅನ್ನುತ್ತಾಳೆ ಅಂದುಕೊಂಡಿದ್ದೆ. ಈಗಿನ ಮಕ್ಕಳು ಹಾಗೆಲ್ಲ ಬಿಡುವುದಿಲ್ಲ.

“ಲಕ್ಷ್ಮಣ್ ಅವರ ಮನುಷ್ಯನೂ ಬಾಯಿ ಬಿಡಲ್ಲಮ್ಮ. ಆದ್ರೆ ಅವನು ನೋಡ್ತಿರ್ತಾನೆ. ನೀನು ಪಾತ್ರೆ ಒಳಗೆ ನೋಡ್ತಿದ್ದೆ.”

ಉತ್ತರ ಹೊಳೆಯಲಿಲ್ಲ. ಇಬ್ಬರೂ ಕಬ್ಬಿನಹಾಲು ಕುಡಿದು ಮನೆಗೆ ಬಂದೆವು.

ಆ ಸಂಜೆಯೇ ಅವಳು ಹಳೆಯ ಚಿತ್ರವನ್ನು ಹೊಸ ಹಾಳೆಯಲ್ಲಿ ಬರೆಯಲು ಕೂತಳು. ಮೀಸೆ ಅಳಿಸಿದ್ದಳು, ಆ ಮುಖ ಈಗ ಯಾರದೂ ಅಲ್ಲ. “ಪೇಟಾನೂ ತೆಗೀಲಾ?” ಎಂದು ಕೇಳಿದಳು. “ಪೇಟ ಇರ್ಲಿ, ಕುರ್ಚಿಯ ಕಾಲೂ ಹಾಗೇ ಇರ್ಲಿ,” ಎಂದೆ. ಮೂಲೆಯಲ್ಲಿ ಸ್ಲೇಟಿನ ಹುಡುಗಿಯ ಪಕ್ಕ ಇನ್ನೊಬ್ಬ ಹೆಂಗಸು ಬಂದಿದ್ದಾಳೆ, ಕೈಯಲ್ಲಿ ಸೌಟು. ಅವಳ ಮುಖ ಯಾವ ಕಡೆ ತಿರುಗಿರಬೇಕೆಂದು ಮಗಳು ಇನ್ನೂ ಯೋಚಿಸುತ್ತಿದ್ದಾಳೆ.