ಗಡಿಯ ಮೇಲಿನ ಮರ

ಊರಿನ ನಮ್ಮ ಮನೆಯ ದೇವಕಣಗಿಲೆ ಅಂಗಳದ ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ. ಸರಿಯಾಗಿ ಬೇಲಿಯ ಸಾಲಿನಲ್ಲೇ ನಿಂತಿತ್ತು. ಅಪ್ಪನಿಗೂ ಅಜ್ಜಿಗೂ ಆದ ರಾಜಿಯ ಫಲ ಅದು. ಗುಡಿಯ ಅಂಗಳದಲ್ಲಿ ಕಡಿದು ಬಿಸಾಕಿದ್ದ ಮೊಳದುದ್ದದ ಕೊಂಬೆಯನ್ನು ಅಪ್ಪ ಸೈಕಲ್ ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡು ಬಂದಿದ್ದರು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾಯಮಾನ ಅವರದಲ್ಲ. "ಅದು ಗುಡಿ ಮುಂದಿರಬೇಕು, ಇಲ್ಲಾ ಗೋರಿ ಪಕ್ಕ ಇರಬೇಕು. ಸಂಸಾರಸ್ಥರ ಅಂಗಳಕ್ಕೆ ಯಾಕೋ?" ಎಂದಳು ಅಜ್ಜಿ. ವಾದ ಮುಗಿಯುವ ತನಕ, ಅಂದರೆ ಹತ್ತು ದಿನ, ಕೊಂಬೆ ಜಗಲಿಯ ಮೂಲೆಯಲ್ಲಿ ಬಿದ್ದಿತ್ತು. ಅದಕ್ಕೆ ಬೇಕಾಗಿದ್ದೂ ಅದೇ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕಡಿದ ಬಾಯಿಂದ ಸುರಿಯುವ ಹಾಲು ಒಣಗಿ ಗಾಯ ಮಾಯದೆ ನೆಟ್ಟರೆ ಬುಡ ಕೊಳೆಯುತ್ತದೆ. ನಮ್ಮ ಮನೆಯ ಜಗಳದಿಂದ ಉಪಕಾರವಾದ ಜೀವ ಅದೊಂದೇ ಇರಬೇಕು.

ಮಾಘದಲ್ಲಿ ಅದರ ಅವತಾರ ನೋಡಬೇಕು. ಎಲೆಯೆಲ್ಲ ಉದುರಿ, ಬೂದುಬಣ್ಣದ ಮೊಂಡು ರೆಂಬೆಗಳು ಮಾತ್ರ ಜಿಂಕೆಯ ಕೊಂಬಿನಂತೆ ಆಕಾಶಕ್ಕೆ ಚಾಚಿರುತ್ತವೆ. ಅಂಥದೊಂದು ಮಾಘದಲ್ಲೇ ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದದ್ದು. ಉಪ್ಪಿಟ್ಟು, ಕೇಸರಿಬಾತನ್ನು ಎರಡೆರಡು ಸಲ ಹಾಕಿಸಿಕೊಂಡ ಹಿರಿಯರು ಹೊರಡುವಾಗ, "ಒಣಮರಾನ ಬಾಗಿಲ ಎದುರಿಗೇ ಇಟ್ಕೊಂಡಿದೀರಲ್ಲ" ಎಂದರು. ಆಮೇಲೆ ಅವರಿಂದ ಕಾಗದ ಬರಲಿಲ್ಲ. ಅಜ್ಜಿ ತಿಂಗಳುಗಟ್ಟಲೆ ಮರವನ್ನು ಬೈದಳು. ಅತ್ತೆ ಮಾತ್ರ ಆ ವರ್ಷ ಹೂ ಬಿಟ್ಟ ಕೂಡಲೆ ನನ್ನನ್ನು ಹೆಗಲಿಗೇರಿಸಿ, ಮೊದಲ ಹೂ ಕೀಳಿಸಿ ಜಡೆಗೆ ಸಿಕ್ಕಿಸಿಕೊಂಡಳು. ಆ ಗಂಡಿನ ಮೀಸೆ ಅವಳಿಗೆ ಹಿಡಿಸಿರಲಿಲ್ಲವಂತೆ. ನನ್ನ ಅಂಗಿಗೆ ಹಾಲು ಸಿಡಿದು ಆದ ಕಂದು ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಕೊನೆಗೆ ಅತ್ತೆ ತೀರ್ಥಹಳ್ಳಿ ಕಡೆ ಸೊಸೆಯಾಗಿ ಹೋದಳು. ಮೊದಲ ದೀಪಾವಳಿಗೆ ಬಂದವಳು ಮರ ನೋಡಿ "ಗೋಸಂಪಿಗೆ" ಎಂದಳು. ಅಜ್ಜಿಗೆ ರೇಗಿತು. "ಸಂಪಿಗೆಯಂತೆ ಸಂಪಿಗೆ! ಮುರಿದರೆ ಹಾಲು ಬರುತ್ತೆ, ಕಣಗಿಲೆ ಜಾತಿ." ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ತೀರ್ಪನ್ನೇ ಸಸ್ಯಶಾಸ್ತ್ರವೂ ಎತ್ತಿಹಿಡಿದಿದೆ. ಕಣಗಿಲೆಯೂ ಇದೂ ಒಂದೇ ಕುಟುಂಬದವು. ಸಂಪಿಗೆಗೆ ದೂರದ ನಂಟೂ ಇಲ್ಲ. ತಮಾಷೆ ಇರುವುದು ಇನ್ನೊಂದು ಕಡೆ. ಕೆರಿಬಿಯನ್ ದ್ವೀಪಗಳಿಗೆ ಮೂರು ಸಲ ಹೋಗಿ ಬಂದ ಫ್ರೆಂಚ್ ಸನ್ಯಾಸಿ ಶಾರ್ಲ್ ಪ್ಲುಮಿಯೆಯ ನೆನಪಿಗೆ ಈ ಕುಲ 'ಪ್ಲುಮೇರಿಯ' ಆಯಿತು. ಲಿನೇಯಸ್ 1753ರಲ್ಲಿ ಅದನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡ. ಅದೇ ಪ್ಲುಮಿಯೆ 1703ರಲ್ಲಿ ಮ್ಯಾನ್ಯೋಲ್ ಎಂಬ ಇನ್ನೊಬ್ಬ ಸಸ್ಯಶಾಸ್ತ್ರಜ್ಞನ ಹೆಸರಲ್ಲಿ 'ಮ್ಯಾಗ್ನೋಲಿಯ' ಕುಲವನ್ನು ಮಾಡಿದ್ದ. ನಮ್ಮ ಅಸಲಿ ಸಂಪಿಗೆ ಈಗ ಆ ಮ್ಯಾಗ್ನೋಲಿಯದ ಮನೆಯಲ್ಲಿದೆ. ಅಸಲಿಯ ಕುಲಕ್ಕೆ ನಾಮಕರಣ ಮಾಡಿದವನ ಹೆಸರು ನಕಲಿಗೆ!

ಅತ್ತೆಯ ಪಕ್ಷವೂ ತೀರ ಬಡವಾದುದಲ್ಲ. ಲಾವೋಸ್ ದೇಶದವರು ಇದನ್ನು 'ಚಂಪಾ' ಹೂವೆಂದೇ ಕರೆದು ರಾಷ್ಟ್ರಪುಷ್ಪ ಮಾಡಿಕೊಂಡಿದ್ದಾರೆ. ನಿಕರಾಗುವಾಕ್ಕೂ ಇದೇ ರಾಷ್ಟ್ರಪುಷ್ಪ. ಅದು ಸರಿ, ಏಕೆಂದರೆ ಇದರ ತವರು ಆ ಸೀಮೆಯೇ: ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್. ಹಡಗು ಹತ್ತಿ ಬಂದ ಪರದೇಶಿಗೆ ನಾವು 'ದೇವ' ಎಂದು ಸೇರಿಸಿ ಗುಡಿಯೊಳಗೆ ಬಿಟ್ಟುಕೊಂಡೆವು. ಕೆಂಪು, ಹಳದಿ, ಬಿಳಿ ಎಂದು ಬಣ್ಣ ಬೇರೆಯಾದರೂ ಬಹುಪಾಲು ಒಂದೇ ಜಾತಿ, ರೂಬ್ರ. ಎಲೆಯ ತುದಿ ದುಂಡಗಿದ್ದು ಚಳಿಗಾಲದಲ್ಲೂ ಹಸಿರಾಗಿರುವುದು ಆಬ್ಟೂಸ. ನರ್ಸರಿಯವರು ಈಗ ಮಾರುವ, ಹಾವಿನ ಹೆಡೆಯಂಥ ಎಲೆಯ ಪುಡಿಕ ಮೂಗಿಗೆ ಹಿಡಿದರೂ ಘಮ ಎನ್ನುವುದಿಲ್ಲ. ಅದರ ಜತೆ ನನಗೆ ಮಾತಿಲ್ಲ.

ರೂಬ್ರದ ಘಮಕ್ಕೆ ಜೋರು ಬರುವುದು ಕತ್ತಲಾದ ಮೇಲೆ. ದೊಡ್ಡ ಪತಂಗಗಳು ಮೂತಿ ಚಾಚಿಕೊಂಡು ಹೂವಿಂದ ಹೂವಿಗೆ ಅಲೆಯುತ್ತವೆ. ಹೂವಿನಲ್ಲಿ ತೊಟ್ಟು ಮಕರಂದವಿಲ್ಲ. ಪರಾಗ ಹೊರಿಸಿಕೊಂಡು ಬರಿಹೊಟ್ಟೆಯಲ್ಲಿ ಹೋಗುತ್ತವೆ. ಇದನ್ನು ಹೇಳಿದಾಗ ಅಪ್ಪ, "ಪಾಪ, ಆ ಗಂಡಿನ ಕಡೆಯವರಿಗೆ ಉಪ್ಪಿಟ್ಟಾದರೂ ಸಿಕ್ಕಿತ್ತು" ಎಂದಿದ್ದರು.

ಅಜ್ಜಿ ಹೋದಳು, ಅಪ್ಪನೂ ಹೋದರು. ಮನೆ ಮಾರಿದೆವು. ಅಳತೆಗೆ ಬಂದ ಸರ್ವೆಯವರ ಸರಪಳಿ ಮರದ ನಟ್ಟನಡುವೆ ಹಾದುಹೋಯಿತು. ಅರ್ಧ ಮರವನ್ನು ಹೇಗೆ ಮಾರುವುದೆಂದು ಯಾರೂ ಕೇಳಲಿಲ್ಲ. ಒಂದು ಕೊಂಬೆ ಮುರಿದು ಬೆಂಗಳೂರಿಗೆ ತಂದೆ. ಹತ್ತು ದಿನ ಬಾಲ್ಕನಿಯಲ್ಲಿ ಒರಗಿಸಿಟ್ಟು ಕುಂಡಕ್ಕೆ ನೆಟ್ಟೆ. ಮೂರು ತಿಂಗಳಾದರೂ ಕದಲಲಿಲ್ಲ. ಹೆಂಡತಿ ಅದಕ್ಕೆ ಬಟ್ಟೆ ಕ್ಲಿಪ್ಪುಗಳನ್ನು ಸಿಕ್ಕಿಸತೊಡಗಿದಳು.

ಮೊನ್ನೆ ಒಂದು ಕ್ಲಿಪ್ಪಿನ ಪಕ್ಕದಲ್ಲಿ ಉಗುರಿನಷ್ಟು ಹಸಿರು ಕಂಡಿತು. ಅತ್ತೆಗೆ ಫೋನ್ ಮಾಡಿದೆ. ಈಗ ಅವಳಿಗೆ ಕಿವಿ ಮಂದ. ಎರಡು ಸಲ ಕೂಗಿ ಹೇಳಿದೆ.

"ಎಲ್ಲಿ ನೆಟ್ಟಿದೀಯ?"

"ಬಾಲ್ಕನೀಲಿ."

"ಒಳಗೋ, ಹೊರಗೋ?"

ಕಂಬಿಯಿಂದ ಅರ್ಧ ಆಚೆ ಬಾಗಿದ್ದ ಕಡ್ಡಿಯನ್ನು ನೋಡುತ್ತ ನಿಂತೆ.