ಕುರ್ಚಿಗಳ ಊರಿನಲ್ಲಿ ಬಾಸ್ಕೆಟ್‌ಬಾಲ್

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಿಂದ 35ನೇ ನಂಬರಿನ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸುಮಾರು 330 ಕಿಲೋಮೀಟರ್ ದೂರದಲ್ಲಿ ಒಕ್ಲಹೋಮ ಸಿಟಿ ಸಿಗುತ್ತದೆ. ನಡುವೆ ರಾಜ್ಯದ ಗಡಿಯಾಗಿ ಹರಿಯುವುದು ರೆಡ್ ರಿವರ್. ನದಿ ದಾಟಿದ ಮೇಲೆ ಕಾಣುವ ಮಣ್ಣು ನಮ್ಮ ಕೋಲಾರದ ಕಡೆಯ ಕೆಮ್ಮಣ್ಣನ್ನೇ ನೆನಪಿಗೆ ತರುತ್ತದೆ. ಚಾಕ್ಟಾ ಎಂಬ ಮೂಲನಿವಾಸಿಗಳ ಭಾಷೆಯಲ್ಲಿ ‘ಒಕ್ಲ’ ಎಂದರೆ ಜನ, ‘ಹುಮ್ಮ’ ಎಂದರೆ ಕೆಂಪು. ರಾಜ್ಯದ ಹೆಸರು ಹುಟ್ಟಿದ್ದು ಹೀಗೆ.

ಈ ಊರು ಹುಟ್ಟಿದ ಬಗೆಯೂ ವಿಚಿತ್ರ. 1889ರ ಏಪ್ರಿಲ್ 22ರಂದು ಮಧ್ಯಾಹ್ನ 12 ಗಂಟೆಗೆ ಸರ್ಕಾರ ಸೂಚನೆ ಕೊಟ್ಟಿತು. ಗಡಿಯಲ್ಲಿ ಕಾದಿದ್ದ ಜನ ಕುದುರೆ, ಬಂಡಿ, ರೈಲು ಹಿಡಿದು ಓಡೋಡಿ ಬಂದು, ಸಿಕ್ಕಿದ ಜಾಗದಲ್ಲಿ ಗೂಟ ಹೊಡೆದು ‘ಇದು ನನ್ನದು’ ಎಂದರು. ಬೆಳಿಗ್ಗೆ ಬಯಲಾಗಿದ್ದಲ್ಲಿ ಸಂಜೆಯ ಹೊತ್ತಿಗೆ ಸುಮಾರು ಹತ್ತು ಸಾವಿರ ಜನರ ಊರು! ಮೂಲನಿವಾಸಿಗಳಿಂದ ಪಡೆದ ನೆಲವನ್ನು ಹೀಗೆ ಹಂಚಿದ್ದು ಎಂಬುದನ್ನೂ ಮರೆಯಬಾರದು. ಮುಂದೆ ಇಲ್ಲಿ ಎಣ್ಣೆ ಸಿಕ್ಕಿತು. ಶಾಸನಸಭೆಯ ಕಟ್ಟಡದ ಅಂಗಳದಲ್ಲೇ ಎಣ್ಣೆಬಾವಿಯ ಗೋಪುರ ನಿಂತಿರುವ ರಾಜಧಾನಿ ಇದು.

2024ರ ಜುಲೈನಲ್ಲಿ ಮಗಳ ಮನೆಗೆ ಹೋಗಿದ್ದಾಗ ನಾವು ಈ ಊರು ನೋಡಲು ಹೊರಟೆವು. ಕಾರು ಓಡಿಸುತ್ತಿದ್ದ ಅಳಿಯ ದಾರಿಯುದ್ದಕ್ಕೂ ಮಾತಾಡಿದ್ದು ಬಾಸ್ಕೆಟ್‌ಬಾಲ್. ಅಲ್ಲಿ ಈ ಆಟದ ಋತು ಅಕ್ಟೋಬರ್‌ನಿಂದ ಜೂನ್‌ವರೆಗೆ. ಜುಲೈನಲ್ಲಿ ಪಂದ್ಯವಿಲ್ಲ. ಆದರೂ ಆ ತಿಂಗಳಲ್ಲೇ ಮಾತು ಜಾಸ್ತಿ. ಯಾವ ಆಟಗಾರ ಯಾವ ತಂಡ ಬಿಟ್ಟ, ಯಾರು ಯಾರಿಗೆ ಬದಲಾಗಿ ಬಂದ ಎಂಬ ಲೆಕ್ಕಾಚಾರದ ಸುಗ್ಗಿ ಅದು.

ಒಕ್ಲಹೋಮ ಸಿಟಿಯ ತಂಡದ ಹೆಸರು ‘ಥಂಡರ್’, ಅಂದರೆ ಗುಡುಗು. ಇದೂ ವಲಸೆ ಬಂದದ್ದೇ. 1967ರಿಂದ 41 ವರ್ಷ ಸಿಯಾಟಲ್ ನಗರದಲ್ಲಿ ‘ಸೂಪರ್‌ಸಾನಿಕ್ಸ್’ ಎಂಬ ಹೆಸರಿನಲ್ಲಿ ಆಡಿದ ತಂಡವನ್ನು 2008ರಲ್ಲಿ ಅದರ ಮಾಲೀಕರು ಇಲ್ಲಿಗೆ ಎತ್ತಿಕೊಂಡು ಬಂದರು. ಸಿಯಾಟಲ್ ಜನರಿಗೆ ಅದು ಆರದ ಗಾಯ. ಇಲ್ಲಿಯವರಿಗೆ ಊರಿಗೇ ದೊರೆತ ಮಾನ್ಯತೆ.

ಪೇಟೆಯ ನಿಯಮ ಹೀಗಿದೆ. ಎನ್‌ಬಿಎ ಎಂಬ ಈ ಲೀಗ್‌ನಲ್ಲಿ 30 ತಂಡಗಳು. ನಮ್ಮ ಐಪಿಎಲ್‌ನಂತೆ ಹರಾಜಿಲ್ಲ. ಹೊಸ ಹುಡುಗರನ್ನು ‘ಡ್ರಾಫ್ಟ್’ ಎಂಬ ಸರದಿಯಲ್ಲಿ ಆರಿಸಿಕೊಳ್ಳುತ್ತಾರೆ. ಕರಾರು ಮುಗಿದವನು ಸ್ವತಂತ್ರ, ಕರೆದಲ್ಲಿಗೆ ಹೋಗಬಹುದು. ಮೂರನೆಯದು ‘ಟ್ರೇಡ್’, ಅಂದರೆ ವಿನಿಮಯ. ಇದರಲ್ಲಿ ಬಹುಪಾಲು ಆಟಗಾರರ ಒಪ್ಪಿಗೆಯನ್ನೇ ಕೇಳುವುದಿಲ್ಲ. ಬೆಳಿಗ್ಗೆ ಒಂದು ಊರಿನವನಾಗಿದ್ದವನು ಸಂಜೆಗೆ ಇನ್ನೊಂದು ಊರಿನವನು.

ಈ ಪೇಟೆಯ ಮೇಲೆ ಇನ್ನೊಂದು ಆಟ ನಡೆಯುತ್ತದೆ. ಅದೇ ‘ಫ್ಯಾಂಟಸಿ’. ನಮ್ಮಲ್ಲಿ ಡ್ರೀಮ್ ಇಲೆವೆನ್ ಮೂಲಕ ಜನರಿಗೆ ಪರಿಚಯವಾದ ಬಗೆಯದು. ಹಣ ಕಟ್ಟಿ ಆಡುವ ಇಂಥ ಆಟಗಳನ್ನು ಭಾರತ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾನೂನು ತಂದು ನಿಷೇಧಿಸಿತು. ಅಳಿಯನ ಕಚೇರಿಯ ಹನ್ನೆರಡು ಮಂದಿ ಆಡುವುದರಲ್ಲಿ ದುಡ್ಡಿಲ್ಲ. ಕೊನೆಗೆ ಸೋತವನು ಎಲ್ಲರಿಗೂ ಊಟ ಹಾಕಿಸಬೇಕು, ಅಷ್ಟೆ. ಒಬ್ಬೊಬ್ಬರೂ ಬೇರೆ ಬೇರೆ ತಂಡಗಳಿಂದ ಆಟಗಾರರನ್ನು ಆರಿಸಿ ಕಾಗದದ ಮೇಲೆ ಒಂದು ತಂಡ ಕಟ್ಟುತ್ತಾರೆ. ನಿಜವಾದ ಪಂದ್ಯದಲ್ಲಿ ಆ ಆಟಗಾರರು ಗಳಿಸುವ ಪಾಯಿಂಟ್, ರಿಬೌಂಡ್, ಅಸಿಸ್ಟ್ ಮುಂತಾದ ಅಂಕಿಗಳನ್ನು ಕೂಡಿಸಿ ಗೆದ್ದವರು ಯಾರೆಂದು ತೀರ್ಮಾನಿಸುತ್ತಾರೆ.

ಪಾಠ ಹೇಳುವ ನನಗೆ ಇದರಲ್ಲಿ ಹಿಡಿಸಿದ್ದು ಒಂದು ಸರಳ ತತ್ವ. ಪಂದ್ಯದ ಅವಧಿ 48 ನಿಮಿಷ, ಅಂಗಳದಲ್ಲಿ ಐವರು. ಒಂದು ತಂಡಕ್ಕೆ ಹಂಚಲು ಇರುವುದು 240 ನಿಮಿಷ, ಚೆಂಡು ಒಂದೇ. ಒಬ್ಬ ಹೋದರೆ ಅವನ ಪಾಲು ಮಾಯವಾಗುವುದಿಲ್ಲ, ಉಳಿದವರಿಗೆ ಹಂಚಿಹೋಗುತ್ತದೆ. ದ್ರವ್ಯಸಂರಕ್ಷಣಾ ನಿಯಮವನ್ನು ಹೈಸ್ಕೂಲು ಮಕ್ಕಳಿಗೆ ಹೇಳುವಾಗ ಇದಕ್ಕಿಂತ ಚೆಂದದ ಉದಾಹರಣೆ ಸಿಗಲಾರದು.

2016ರ ಜುಲೈ 4ರಂದು ಥಂಡರ್‌ನ ದೊಡ್ಡ ಆಟಗಾರ ಕೆವಿನ್ ಡ್ಯುರಾಂಟ್ ಊರು ಬಿಡುವುದಾಗಿ ಸಾರಿದ. ಹೋದದ್ದು, ಕೆಲವೇ ವಾರಗಳ ಹಿಂದೆ ತಮ್ಮನ್ನೇ ಸೋಲಿಸಿದ್ದ ಗೋಲ್ಡನ್ ಸ್ಟೇಟ್ ತಂಡಕ್ಕೆ! ಊರು ಕಣ್ಣೀರಿಟ್ಟಿತು. ಫ್ಯಾಂಟಸಿ ಆಡುವವರು ಮಾತ್ರ ಉಳಿದುಕೊಂಡ ರಸೆಲ್ ವೆಸ್ಟ್‌ಬ್ರೂಕ್‌ನತ್ತ ನೋಡಿದರು. ಹಿಂದಿನ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 23.5 ಪಾಯಿಂಟ್ ಗಳಿಸಿದ್ದವನು ಮುಂದಿನ ಋತುವಿನಲ್ಲಿ 31.6 ಗಳಿಸಿದ. ಜೊತೆಗೆ 10.7 ರಿಬೌಂಡ್, 10.4 ಅಸಿಸ್ಟ್. ಮೂರರಲ್ಲೂ ಸರಾಸರಿ ಹತ್ತು ದಾಟಿಸಿದ್ದು 1961-62ರಲ್ಲಿ ಆಸ್ಕರ್ ರಾಬರ್ಟ್‌ಸನ್ ನಂತರ ಅವನೇ ಮೊದಲಿಗ. ಆದರೆ ತಂಡ ಗೆದ್ದ ಪಂದ್ಯಗಳು 55ರಿಂದ 47ಕ್ಕೆ ಇಳಿದವು. ಒಬ್ಬನ ಖಾತೆ ತುಂಬಿದಾಗ ಮನೆಯ ಖಾತೆಯೂ ತುಂಬುತ್ತದೆ ಎಂದೇನಿಲ್ಲ.

ನಾವು ಹೋದ ಬೇಸಿಗೆಯಲ್ಲಿ ನಡೆದ ಬದಲಾವಣೆ ಎರಡು. ಜೂನ್‌ನಲ್ಲಿ ಥಂಡರ್ ತನ್ನ ತರುಣ ಆಟಗಾರ, ಆಸ್ಟ್ರೇಲಿಯದ ಜೋಶ್ ಗಿಡ್ಡಿಯನ್ನು ಷಿಕಾಗೊಗೆ ಕೊಟ್ಟು ಮೂವತ್ತು ದಾಟಿದ ಅಲೆಕ್ಸ್ ಕರೂಸೋನನ್ನು ಪಡೆಯಿತು. ಜುಲೈನಲ್ಲಿ ನ್ಯೂಯಾರ್ಕ್ ತಂಡದ ಎತ್ತರದ ಆಳು ಐಸೆಯಾ ಹಾರ್ಟೆನ್‌ಸ್ಟೈನ್ ಮೂರು ವರ್ಷಕ್ಕೆ 8.7 ಕೋಟಿ ಡಾಲರ್ ಕರಾರಿನ ಮೇಲೆ ಬಂದ. ಅಳಿಯನ ಲೆಕ್ಕ ಖಚಿತವಾಗಿತ್ತು: “ಗಿಡ್ಡಿಯನ್ನು ಹಿಡೀಬೇಕು, ಕರೂಸೋನನ್ನು ಬಿಡಬೇಕು. ಹಾರ್ಟೆನ್‌ಸ್ಟೈನ್ ರಿಬೌಂಡ್ ಏರುತ್ತೆ.”

ಕಾಗದದ ಮಟ್ಟಿಗೆ ಅದು ಅಕ್ಷರಶಃ ನಿಜವಾಯಿತು. ಷಿಕಾಗೊದಲ್ಲಿ ಚೆಂಡು ಕೈಗೆ ಸಿಕ್ಕ ಗಿಡ್ಡಿಯ ಸರಾಸರಿ 12.3ರಿಂದ 14.6 ಪಾಯಿಂಟಿಗೆ, 4.8ರಿಂದ 7.2 ಅಸಿಸ್ಟಿಗೆ ಏರಿತು. ಹಾರ್ಟೆನ್‌ಸ್ಟೈನ್ 8.3 ರಿಬೌಂಡ್‌ನಿಂದ 10.7ಕ್ಕೆ ಹೋದ. ಷಿಕಾಗೊದಲ್ಲಿ 10 ಪಾಯಿಂಟ್ ಗಳಿಸುತ್ತಿದ್ದ ಕರೂಸೋ 7ಕ್ಕೆ ಇಳಿದ. ಯಾರ ಲೆಕ್ಕಕ್ಕೂ ಸಿಗದ್ದು ಒಂದೇ: ತಂಡದ ಇನ್ನೊಬ್ಬ ಎತ್ತರದ ಆಟಗಾರ ಚೆಟ್ ಹೋಲ್ಮ್‌ಗ್ರೆನ್ ನವೆಂಬರ್‌ನಲ್ಲಿ ಸೊಂಟದ ಮೂಳೆ ಮುರಿದುಕೊಂಡು, 82 ಪಂದ್ಯಗಳಲ್ಲಿ 32ನ್ನಷ್ಟೇ ಆಡಿದ.

ಆದರೆ ಅಂಗಳದಲ್ಲಿ ಆದದ್ದೇ ಬೇರೆ. 2025ರ ಮೇ ತಿಂಗಳಲ್ಲಿ ಡೆನ್ವರ್ ವಿರುದ್ಧ ಏಳನೆಯ, ನಿರ್ಣಾಯಕ ಪಂದ್ಯ. ಎದುರಾಳಿ ನಿಕೋಲಾ ಯೋಕಿಚ್ ಆರಡಿ ಹನ್ನೊಂದಂಗುಲದ ಮಲ್ಲ. ಅವನನ್ನು ತಡೆಯುವ ಕೆಲಸದಲ್ಲಿ ದೊಡ್ಡ ಪಾಲನ್ನು ಹೊತ್ತವನು ಆರಡಿ ಐದಂಗುಲದ ಕರೂಸೋ! ಎದುರಾಳಿಗೆ ಚೆಂಡು ಸಿಗದಂತೆ ಅಡ್ಡ ನಿಂತದ್ದಕ್ಕೆ, ತಳ್ಳಾಟ ತಡೆದುಕೊಂಡದ್ದಕ್ಕೆ ಫ್ಯಾಂಟಸಿಯಲ್ಲಿ ಅಂಕವಿಲ್ಲ. ಥಂಡರ್ 125-93ರಿಂದ ಗೆದ್ದು, ಜೂನ್ 22ರಂದು ಇಂಡಿಯಾನಾ ತಂಡವನ್ನು ಮಣಿಸಿ, ಒಕ್ಲಹೋಮಕ್ಕೆ ಬಂದ ಮೇಲಿನ ಮೊದಲ ಚಾಂಪಿಯನ್ ಪಟ್ಟ ಪಡೆಯಿತು.

ನಾವು ಹೋದಾಗ ಇದಾವುದೂ ನಡೆದಿರಲಿಲ್ಲ. ಕ್ರೀಡಾಂಗಣಕ್ಕೆ ಬೀಗ. ಪಕ್ಕದ ಬ್ರಿಕ್‌ಟೌನ್‌ನ ಹಳೆಯ ಇಟ್ಟಿಗೆ ಗೋದಾಮುಗಳ ನಡುವಿನ ಕಾಲುವೆಯಲ್ಲಿ ದೋಣಿ ವಿಹಾರ ಮಾಡಿ, ಸಂಜೆ ಸ್ಮಾರಕದ ಕಡೆ ನಡೆದೆವು.

1995ರ ಏಪ್ರಿಲ್ 19, ಬೆಳಿಗ್ಗೆ 9 ಗಂಟೆ 2 ನಿಮಿಷ. ಕೇಂದ್ರ ಸರ್ಕಾರದ ಮರ್ರಾ ಕಟ್ಟಡದ ಮುಂದೆ ಲಾರಿಯಲ್ಲಿಟ್ಟಿದ್ದ ಬಾಂಬು ಸಿಡಿದು 168 ಜನ ಸತ್ತರು. ಅವರಲ್ಲಿ 19 ಮಕ್ಕಳು. ಬಾಂಬಿನ ಮುಖ್ಯ ವಸ್ತು ಅಮೋನಿಯಂ ನೈಟ್ರೇಟ್. ಹೊಲಕ್ಕೆ ಹಾಕುವ ಗೊಬ್ಬರವೆಂದು ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ಅದೇ ಲವಣ.

ಸ್ಮಾರಕದ ಒಂದು ತುದಿಯ ದ್ವಾರದ ಮೇಲೆ 9:01 ಎಂದು, ಇನ್ನೊಂದರ ಮೇಲೆ 9:03 ಎಂದು ಬರೆದಿದೆ. ನಡುವಿನ ಆ ಒಂದು ನಿಮಿಷದ ಜಾಗದಲ್ಲಿ ತೆಳುವಾದ ನೀರಿನ ಹಾಸು. ಕಟ್ಟಡವಿದ್ದ ನೆಲದಲ್ಲಿ 168 ಖಾಲಿ ಕುರ್ಚಿಗಳು. ಒಂಬತ್ತು ಮಹಡಿಗೆ ಒಂಬತ್ತು ಸಾಲು. ಹತ್ತೊಂಬತ್ತು ಕುರ್ಚಿಗಳು ಚಿಕ್ಕವು. ಪ್ರತಿ ಕುರ್ಚಿಯ ಕೆಳಗೂ ಒಂದು ಹೆಸರು. ಎದುರು ದಿಬ್ಬದ ಮೇಲೆ ಸ್ಫೋಟದಲ್ಲಿ ಸುಟ್ಟೂ ಬದುಕಿದ ಒಂದು ಎಲ್ಮ್ ಮರ, ಈಗ ಹಚ್ಚಗೆ ಹರಡಿಕೊಂಡಿದೆ. ದಾರಿಯುದ್ದಕ್ಕೂ ಸರಾಸರಿ ಹೇಳುತ್ತಿದ್ದ ಅಳಿಯ ಇಲ್ಲಿ ಸುಮ್ಮನಾದ. ಹೆಂಡತಿ ಚಿಕ್ಕ ಕುರ್ಚಿಗಳನ್ನು ಒಂದೊಂದಾಗಿ ಎಣಿಸಿದಳು.

ಥಂಡರ್ ತಂಡದ ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿ ಮೊದಲಿಂದಲೂ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ತಂಡಕ್ಕೆ ಹೊಸದಾಗಿ ಬರುವ ಪ್ರತಿಯೊಬ್ಬ ಆಟಗಾರನನ್ನೂ ಈ ಸ್ಮಾರಕಕ್ಕೆ ಕಳಿಸುತ್ತಾರೆ. ಕೋಟಿ ಡಾಲರಿಗೆ ಬಂದವನೇ ಇರಲಿ, ಯಾರಿಗೋ ಬದಲಾಗಿ ಬಂದವನೇ ಇರಲಿ, ಯಾವ ಜನರ ಮುಂದೆ ಆಡಲಿದ್ದಾನೆಂದು ತಿಳಿಯಲಿ ಎಂಬುದು ಉದ್ದೇಶ. ಅವನು ಎಷ್ಟು ವರ್ಷ ಇರುತ್ತಾನೋ ಯಾರು ಬಲ್ಲರು? ಡ್ಯುರಾಂಟ್ ಇದ್ದದ್ದು ಎಂಟು ವರ್ಷ. ವೆಸ್ಟ್‌ಬ್ರೂಕ್‌ನನ್ನು 2019ರಲ್ಲಿ ತಂಡವೇ ಹ್ಯೂಸ್ಟನ್‌ಗೆ ಕೊಟ್ಟಿತು. ಆದರೂ ಬಂದವರೆಲ್ಲ ಒಮ್ಮೆ ಆ ಕುರ್ಚಿಗಳ ಮುಂದೆ ನಡೆದಿರುತ್ತಾರೆ. ಜನವೂ ತಮ್ಮ ಕಡೆಯಿಂದ ಬಾಂಧವ್ಯ ಕಡಿದುಕೊಂಡಿಲ್ಲ. ಹೊಸ ಕ್ರೀಡಾಂಗಣಕ್ಕಾಗಿ ಶೇಕಡಾ ಒಂದರ ಮಾರಾಟ ತೆರಿಗೆಗೆ 2023ರ ಡಿಸೆಂಬರ್‌ನಲ್ಲಿ ದೊಡ್ಡ ಬಹುಮತದಿಂದ ಮತ ಹಾಕಿದ್ದಾರೆ.

ಡಲ್ಲಾಸ್‌ಗೆ ಹೋಗುವ ನಮ್ಮವರು ಈಗ ಬಹಳ. ಮಕ್ಕಳ ಮನೆಯಲ್ಲಿ ಒಂದು ಶನಿವಾರ ಬಿಡುವಾದರೆ ಇಲ್ಲಿಗೆ ಹೋಗಿ ಬನ್ನಿ. ಕಾರಿನಲ್ಲಿ ಮೂರು ಗಂಟೆಯ ಹಾದಿ. ವಸ್ತುಸಂಗ್ರಹಾಲಯಕ್ಕೆ ಟಿಕೆಟ್ ಉಂಟು, ಹೊರಗಿನ ಸ್ಮಾರಕಕ್ಕೆ ಇಲ್ಲ. ಅದು ರಾತ್ರಿಯಿಡೀ ತೆರೆದಿರುತ್ತದೆ. ಕತ್ತಲಾಗುವವರೆಗೆ ಕಾಯಿರಿ. ಕುರ್ಚಿಗಳ ಗಾಜಿನ ಬುಡದೊಳಗೆ ದೀಪ ಹೊತ್ತಿಕೊಂಡಾಗ ಹೆಸರುಗಳು ಚೆನ್ನಾಗಿ ಕಾಣುತ್ತವೆ.